ದಿಗಂತದ ಬಾಲನಕ್ಷತ್ರ: ಪುತ್ತೂರು, ಸುಳ್ಯ, ಕಡಬ ಪರಿಸರದ ಮೌಖಿಕ ಕಾಲಗಣನೆ ಮತ್ತು ಸೂರ್ಯಸ್ಪರ್ಶಿ ಧೂಮಕೇತುಗಳು

ಮೌಖಿಕ ಆಕರಗಳಿಂದ ಪ್ರಾದೇಶಿಕ ಚರಿತ್ರೆಯನ್ನು ಕಟ್ಟಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಕಾಲನಿರ್ಣಯದ್ದು. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಡುಮಲೆಯಿದೆ, ಪಂಜವಿದೆ, ಎಣ್ಮೂರಿದೆ, ಬೀಡು, ಗುತ್ತು, ಗದ್ದೆ, ಗಡಿಗಳ ವಿವರಗಳಿವೆ, ಇಸವಿಯಿಲ್ಲ. ಐತಿಹ್ಯಗಳ ಸ್ಥಿತಿಯೂ ಹೀಗೆಯೇ. ಆದುದರಿಂದ ನಿರೂಪಣೆಯೊಂದರ ನಡುವೆ ಗ್ರಹಣ, ಬರ, ನೆರೆ, ಸಿಡುಬು ಇತ್ಯಾದಿಗಳ ಉಲ್ಲೇಖ ಬಂದರೆ ಸಂಶೋಧಕನು ಅದನ್ನು ಊರುಗೋಲಿನಂತೆ ಹಿಡಿದುಕೊಳ್ಳುತ್ತಾನೆ. ಇಂಥ ಊರುಗೋಲುಗಳಲ್ಲಿ ಧೂಮಕೇತುವು ಅತ್ಯಂತ ಗಟ್ಟಿಯಾದುದೆಂದು ಮೇಲ್ನೋಟಕ್ಕೆ ತೋರುತ್ತದೆ. ಬರಗಾಲವು ಊರಿಂದೂರಿಗೆ ಬೇರೆಯಾಗಬಹುದು. ಬಾಲನಕ್ಷತ್ರವು ಎಲ್ಲರಿಗೂ ಒಂದೇ. ಅದು ಕಾಣಿಸಿದ ದಿನಗಳನ್ನು ಖಗೋಳಶಾಸ್ತ್ರವು ತಾರೀಖು ಸಹಿತ ಹೇಳಬಲ್ಲುದು. ಹಾಗಿರುವಾಗ 'ಬಾಲನಕ್ಷತ್ರ ಮೂಡಿದ ವರ್ಷ' ಎಂಬ ಒಂದು ಮಾತು ಸಿಕ್ಕಿದರೆ ಸಾಲದೆ?

ಸಾಲದು ಎಂಬುದು ಪ್ರಸ್ತುತ ಲೇಖನದ ನಿಲುವು. ಪುತ್ತೂರು, ಸುಳ್ಯ ಹಾಗೂ ಇವೆರಡರ ಭಾಗಗಳಿಂದ ಈಚೆಗೆ ಪ್ರತ್ಯೇಕ ತಾಲೂಕಾಗಿ ರೂಪುಗೊಂಡ ಕಡಬ, ಈ ಮೂರು ತಾಲೂಕುಗಳ ಪರಿಸರವನ್ನು ಇಲ್ಲಿ ಮುಖ್ಯವಾಗಿ ಗಮನಿಸಲಾಗಿದೆ. ಎಲ್ಲ ಧೂಮಕೇತುಗಳನ್ನೂ ಎತ್ತಿಕೊಳ್ಳದೆ, ಸೂರ್ಯನಿಗೆ ತೀರ ಸಮೀಪದಲ್ಲಿ ಹಾದುಹೋಗುವ ಒಂದು ವರ್ಗಕ್ಕೆ ಗಮನವನ್ನು ಸೀಮಿತಗೊಳಿಸಿದ್ದೇನೆ. ಇದಕ್ಕೆ ಕಾರಣವಿದೆ. ಇವು ಮುನ್ಸೂಚನೆಯಿಲ್ಲದೆ ಬರುತ್ತವೆ, ಅತಿ ಪ್ರಕಾಶಮಾನವಾಗುತ್ತವೆ, ಕೆಲವೇ ವಾರಗಳಲ್ಲಿ ಮರೆಯಾಗುತ್ತವೆ. ಜನಮನದಲ್ಲಿ ಅಚ್ಚೊತ್ತಬೇಕಾದರೆ ಇದಕ್ಕಿಂತ ಯೋಗ್ಯವಾದ ಆಕಾಶದೃಶ್ಯ ಇನ್ನೊಂದಿಲ್ಲ. ಆದರೂ ನಮ್ಮ ಪಾಡ್ದನಗಳಲ್ಲಿ ಇವು ನೆಲೆ ನಿಂತಿಲ್ಲ. ನಾನು ಓದಿರುವ ಮತ್ತು ಕೇಳಿರುವ ಪಾಠಗಳಲ್ಲಿ ಕಥೆಯ ಗತಿಯನ್ನು ತಿರುಗಿಸುವ ಆಶಯವಾಗಿ ಧೂಮಕೇತು ಬಂದುದಿಲ್ಲ. ಏಕೆ ಬರಲಿಲ್ಲ ಎಂಬ ಪ್ರಶ್ನೆಯಿಂದಲೇ ಅದರ ಉಲ್ಲೇಖವನ್ನು ಹೇಗೆ ಓದಬೇಕು ಎಂಬುದಕ್ಕೂ ದಾರಿ ಸಿಗುತ್ತದೆ.

ಸೂರ್ಯಸ್ಪರ್ಶಿಗಳ ಬಳಗ

ಧೂಮಕೇತುವು ಹಿಮ, ಧೂಳು, ಕಲ್ಲುಗಳ ಉಂಡೆ. ಸೂರ್ಯನನ್ನು ಸಮೀಪಿಸಿದಂತೆ ಹಿಮವು ಆವಿಯಾಗಿ, ಧೂಳನ್ನು ಹೊತ್ತು, ಸೂರ್ಯನಿಗೆ ವಿಮುಖವಾಗಿ ಬಾಲದಂತೆ ಚಾಚುತ್ತದೆ. ಅದರ ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಹತ್ತಿರದ ಬಿಂದುವನ್ನು ಪುರರವಿ ಎನ್ನುತ್ತಾರೆ. ಸಾಮಾನ್ಯ ಧೂಮಕೇತುಗಳಿಗೆ ಈ ದೂರ ಕೋಟ್ಯಂತರ ಕಿಲೋಮೀಟರುಗಳಷ್ಟಿದ್ದರೆ, ಸೂರ್ಯಸ್ಪರ್ಶಿಗಳಿಗೆ ಅದು ಕೆಲವು ಲಕ್ಷಗಳಿಗೆ ಇಳಿಯುತ್ತದೆ. 1843ರ ಮಹಾಧೂಮಕೇತುವು ಫೆಬ್ರವರಿ 27ರಂದು ಸೂರ್ಯನ ಕೇಂದ್ರದಿಂದ ಸುಮಾರು 8.3 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಸೂರ್ಯನ ತ್ರಿಜ್ಯವೇ ಸುಮಾರು 7 ಲಕ್ಷ ಕಿ.ಮೀ. ಎಂಬುದನ್ನು ನೆನೆದರೆ ಅದು ಎಷ್ಟು ಹತ್ತಿರವೆಂಬುದು ತಿಳಿದೀತು. 1882ರ ಸೆಪ್ಟೆಂಬರ್ 17ರಂದು ಬಂದುದು ಮತ್ತು 1965ರ ಅಕ್ಟೋಬರ್ 21ರಂದು ಬಂದ ಇಕೆಯಾ-ಸೆಕಿ, ಇವೆರಡೂ ಕೇಂದ್ರದಿಂದ ಸುಮಾರು 11.6 ಲಕ್ಷ ಕಿ.ಮೀ. ಅಂತರದಲ್ಲಿ ಸುತ್ತಿ ಹೋದವು. ಮೂರನ್ನೂ ಹಗಲಿನಲ್ಲಿಯೇ ಸೂರ್ಯನ ಪಕ್ಕದಲ್ಲಿ ಕಂಡವರಿದ್ದಾರೆ.

ಇವು ಪ್ರತ್ಯೇಕ ಆಗಂತುಕರಲ್ಲ, ಒಂದೇ ಬಳಗಕ್ಕೆ ಸೇರಿದವು ಎಂಬುದನ್ನು ಜರ್ಮನಿಯ ಹೈನ್ರಿಶ್ ಕ್ರಾಯ್ಟ್ಸ್ 1888ರಿಂದ ಮೊದಲ್ಗೊಂಡು ಪ್ರಕಟಿಸಿದ ತನ್ನ ಅಧ್ಯಯನಗಳಲ್ಲಿ ತೋರಿಸಿದನು. ಹಿಂದೆಂದೋ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳು ಒಂದೇ ದಾರಿಯಲ್ಲಿ ಬೇರೆ ಬೇರೆ ಕಾಲಕ್ಕೆ ಮರಳುತ್ತವೆ. 1882 ಮತ್ತು 1965ರವು 12ನೇ ಶತಮಾನದ ಮೊದಲರ್ಧದಲ್ಲಿ ಸೂರ್ಯನ ಬಳಿ ಒಡೆದ ಒಂದೇ ತಾಯಿಯ ಮಕ್ಕಳೆಂದು ಖಗೋಳಜ್ಞರು ತಿಳಿಯುತ್ತಾರೆ. ಅಂದರೆ ತುಳುನಾಡಿನಲ್ಲಿ ಆಳುಪರ ಆಳ್ವಿಕೆ ನಡೆಯುತ್ತಿದ್ದ ಕಾಲದಲ್ಲಿ ಅಗಲಿದ ಎರಡು ತುಂಡುಗಳು 83 ವರ್ಷಗಳ ಅಂತರದಲ್ಲಿ ನಮ್ಮ ಅಜ್ಜಂದಿರ ಮತ್ತು ತಂದೆಯರ ಕಣ್ಣಿಗೆ ಬಿದ್ದವು. 1995ರಲ್ಲಿ ಹಾರಿಬಿಟ್ಟ ಸೋಹೋ ಉಪಗ್ರಹವು 2024ರ ಮಾರ್ಚ್ ವೇಳೆಗೆ 5000 ಧೂಮಕೇತುಗಳನ್ನು ಗುರುತಿಸಲು ನೆರವಾಯಿತು. ಅವುಗಳಲ್ಲಿ ಬಹುಪಾಲು ಇದೇ ಬಳಗದ ಸಣ್ಣ ಚೂರುಗಳು. ಬರಿಗಣ್ಣಿಗೆ ಗೋಚರವಾಗುವಂಥವು ಶತಮಾನಕ್ಕೆ ಬೆರಳೆಣಿಕೆಯಷ್ಟು ಮಾತ್ರ.

ಬರುವ ಮೊದಲೇ ಸಾಯುವುದೂ ಇವುಗಳ ಸ್ವಭಾವ. 2012ರ ಸೆಪ್ಟೆಂಬರಿನಲ್ಲಿ ಪತ್ತೆಯಾದ ಐಸಾನ್ ಧೂಮಕೇತು (ಕ್ರಾಯ್ಟ್ಸ್ ಬಳಗದ್ದಲ್ಲದಿದ್ದರೂ ಸೂರ್ಯಸ್ಪರ್ಶಿಯೇ) 'ಶತಮಾನದ ಧೂಮಕೇತು'ವಾಗಲಿದೆಯೆಂದು ಪತ್ರಿಕೆಗಳೆಲ್ಲ ಬರೆದವು. 2013ರ ನವೆಂಬರ್ 28ರಂದು ಅದು ಸೂರ್ಯನ ಬಳಿ ಪುಡಿಯಾಯಿತು. 2024ರ ಸೆಪ್ಟೆಂಬರ್ 27ರಂದು ಪತ್ತೆಯಾದ ಅಟ್ಲಾಸ್ ಹೆಸರಿನ ಕ್ರಾಯ್ಟ್ಸ್ ಬಳಗದ ಧೂಮಕೇತುವಿಗೂ ಒಂದು ತಿಂಗಳಲ್ಲಿ ಅದೇ ಗತಿಯಾಯಿತು. ಹೀಗೆ ಹೊಸದಾಗಿ ಕಂಡುಬಂದ ಧೂಮಕೇತುವಿನ ಸುದ್ದಿ ಮೊದಲು ಬಂದು, ಧೂಮಕೇತುವೇ ಬಾರದೆ ಹೋಗುವ ವಿಚಿತ್ರವು ನಮ್ಮ ಕಾಲದ್ದು. ಹಿಂದಿನವರಿಗೆ ಕಣ್ಣಿಗೆ ಬಿದ್ದುದೇ ಸುದ್ದಿ.

ತಿಂಗಳು, ಹಬ್ಬ, ಹೊತ್ತು

ತಾರೀಖುಗಳನ್ನು ಇಲ್ಲಿಯ ಜನ ಬದುಕಿದ ಕಾಲಮಾನಕ್ಕೆ ತಂದು ನೋಡೋಣ. ತುಳುವರದು ಸೌರಮಾನ, ಪಗ್ಗುವಿನಿಂದ ಸುಗ್ಗಿಯವರೆಗೆ ಹನ್ನೆರಡು ತಿಂಗಳು. ದೀಪಾವಳಿಯ ಬಳಿಕ ಕೋಲ, ನೇಮ, ಜಾತ್ರೆ, ಆಟಗಳು ಆರಂಭವಾಗಿ ಬೇಶದ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ ಮುಗಿಯುತ್ತವೆ. ಈ ಆರು ತಿಂಗಳು ಜನ ರಾತ್ರಿಯಿಡೀ ಬಯಲಿನಲ್ಲಿರುತ್ತಾರೆ. ಉಳಿದ ಕಾಲ ಮಳೆ, ಬೇಸಾಯ, ಮನೆಯೊಳಗಿನ ಬದುಕು.

1843ರ ಧೂಮಕೇತುವು ಶುಭಕೃತ್ ಸಂವತ್ಸರದ ಮಾಘ ಬಹುಳದ ಕೊನೆಗೆ, ಶಿವರಾತ್ರಿಯ ಆಸುಪಾಸಿನಲ್ಲಿ ಸೂರ್ಯನನ್ನು ಸುತ್ತಿತು. ಮಾರ್ಚ್ ಮೊದಲ ವಾರದಿಂದ ಸೂರ್ಯಾಸ್ತದ ಬಳಿಕ ನೈಋತ್ಯ ದಿಕ್ಕಿನಲ್ಲಿ ಅದರ ಉದ್ದನೆಯ ಬಾಲ ಕಾಣಿಸತೊಡಗಿತು. ಆ ಬಾಲದ ನಿಜವಾದ ಉದ್ದ 30 ಕೋಟಿ ಕಿ.ಮೀ. ಎಂದು ಲೆಕ್ಕವಿದೆ, ಭೂಮಿಯಿಂದ ಸೂರ್ಯನಿಗಿರುವ ದೂರದ ಇಮ್ಮಡಿ. ತುಳುವಿನ ಮಾಯಿ ತಿಂಗಳು, ಒಣ ಹವೆ, ನಿರ್ಮಲ ಆಕಾಶ, ನೇಮಗಳ ಕಾಲ. ನೋಡುವುದಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಆದರೆ ಬರೆದಿಡುವುದಕ್ಕೆ ಅನುಕೂಲ ಇನ್ನೂ ಒದಗಿರಲಿಲ್ಲ. ಹರ್ಮನ್ ಮೋಗ್ಲಿಂಗನ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಹೊರಬಂದುದು ಅದೇ ವರ್ಷದ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆಯು ಆ ಶತಮಾನದ ಅತಿ ದೊಡ್ಡ ಧೂಮಕೇತುಗಳಲ್ಲೊಂದಕ್ಕೆ ನಾಲ್ಕು ತಿಂಗಳಷ್ಟು ತಡವಾಯಿತು! ಮೋಗ್ಲಿಂಗನ ಪತ್ರಿಕೆ ಫೆಬ್ರವರಿಯಲ್ಲಿ ಆರಂಭವಾಗಿದ್ದರೆ ಪ್ರಸ್ತುತ ಲೇಖನದ ಸ್ವರೂಪವೇ ಬೇರೆಯಾಗುತ್ತಿತ್ತು.

1882ರದು ಚಿತ್ರಭಾನು ಸಂವತ್ಸರ. ಪುರರವಿಯು ಗಣೇಶ ಚೌತಿಯ ಆಸುಪಾಸಿಗೆ, ಸೋಣ ಮುಗಿದು ನಿರ್ನಾಲ ಹುಟ್ಟುವ ಹೊತ್ತಿಗೆ. ಮಳೆಯ ಮೋಡಗಳು ಇನ್ನೂ ಪೂರ್ತಿ ಚದುರದ ಕಾಲ. ಮಹಾಲಯ ಪಕ್ಷದ ಮುಂಜಾನೆಗಳಲ್ಲಿ, ಪಿತೃಗಳಿಗೆ ಎಡೆಯಿಡುವ ದಿನಗಳಲ್ಲಿ, ಅದು ಪೂರ್ವದಲ್ಲಿ ಸೂರ್ಯೋದಯಕ್ಕೆ ಮುನ್ನ ಮೂಡುತ್ತಿತ್ತು. ನವೆಂಬರ್ ಎರಡನೆಯ ವಾರದ ದೀಪಾವಳಿಗೂ ಅದು ಬೆಳಗಿನ ಆಕಾಶದಲ್ಲಿತ್ತು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ನಸುಕಿನಲ್ಲೆದ್ದು ಹಂಡೆಗೆ ಬೆಂಕಿಯಿಕ್ಕಿದವರು ಆ ವರ್ಷ ಅಂಗಳದಿಂದ ತಲೆಯೆತ್ತಿದ್ದರೆ ಕಾಣುತ್ತಿತ್ತು.

ಇಕೆಯಾ-ಸೆಕಿಯನ್ನು ಜಪಾನಿನ ಇಬ್ಬರು ಹವ್ಯಾಸಿ ವೀಕ್ಷಕರಾದ ಕಾವೊರು ಇಕೆಯಾ ಮತ್ತು ತ್ಸುತೊಮು ಸೆಕಿ 1965ರ ಸೆಪ್ಟೆಂಬರ್ 18ರಂದು ಕೆಲವೇ ನಿಮಿಷಗಳ ಅಂತರದಲ್ಲಿ, ಒಬ್ಬರಿಗೊಬ್ಬರು ಅರಿಯದಂತೆ ಪತ್ತೆಮಾಡಿದರು. ಒಂದು ತಿಂಗಳಿಗೆ ತುಸು ಮೀರಿದ ಅವಧಿಯಲ್ಲಿ ಅದು ಸೂರ್ಯನನ್ನು ಸುತ್ತಿ, ತುಂಡಾಗಿ, ಹೊರಬಂದಿತು. ಆ ವರ್ಷದ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 24ರಂದು. ಹಬ್ಬದ ಮರುವಾರದಿಂದ ನವೆಂಬರಿನ ಮೊದಲ ವಾರದವರೆಗೆ, ಬೆಳಗಿನ ಜಾವದಲ್ಲಿ ಚಂದ್ರನ ತೊಂದರೆಯಿಲ್ಲದ ಪಕ್ಷದಲ್ಲಿ, ಆಗ್ನೇಯದಿಂದ ಮೇಲೆದ್ದ ಅದರ ಬಾಲವು ದೀರ್ಘವಾಗಿ ಗೋಚರಿಸಿತು. ಸಂವತ್ಸರ ವಿಶ್ವಾವಸು.

ಮೂರು ಘಟನೆಗಳಲ್ಲಿ ಎರಡು ಪೂರ್ವದ್ದು, ಒಂದು ಪಶ್ಚಿಮದ್ದು. ಎರಡು ನಸುಕಿನದು, ಒಂದು ಮುಸ್ಸಂಜೆಯದು. ಈ ಸಣ್ಣ ಭೇದವೇ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ನೆಲದ ಏರಿಳಿತ

ಸೂರ್ಯಸ್ಪರ್ಶಿಯು ಉಜ್ವಲವಾಗಿರುವ ದಿನಗಳಲ್ಲಿ ಸೂರ್ಯನಿಂದ ಹೆಚ್ಚು ದೂರ ಸರಿದಿರುವುದಿಲ್ಲ. ಆದುದರಿಂದ ಅದು ಕಾಣುವುದು ಸೂರ್ಯ ಮೂಡುವ ಮುನ್ನ ಅಥವಾ ಮುಳುಗಿದ ಬಳಿಕ, ದಿಗಂತದ ಅಂಚಿನಲ್ಲಿ. ದಿಗಂತ ತೆರೆದಿರುವವರಿಗೆ ಮಾತ್ರ ಅದರ ಪೂರ್ಣದರ್ಶನ. ಕಡಲಕರೆಯ ಮೊಗವೀರರಿಗೆ ಪಶ್ಚಿಮವು ತೆರೆದ ಬಾಗಿಲು. ನಮ್ಮ ಮೂರು ತಾಲೂಕುಗಳು ಹಾಗಲ್ಲ.

ಈ ಪ್ರದೇಶದ ಕೃಷಿಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ರೂಢಿ. ತೋಡಿನ ಬದಿಯ ತಗ್ಗು ಬೈಲು, ನಡುಮಟ್ಟದ್ದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಮನೆಗಳು ಬಹುಮಟ್ಟಿಗೆ ಗುಡ್ಡದ ಬುಡದಲ್ಲಿ, ತೋಟದ ಅಂಚಿನಲ್ಲಿ. ಅಡಕೆ ತೋಟದ ನಡುವೆ ನಿಂತವನಿಗೆ ಆಕಾಶವೆಂದರೆ ನೆತ್ತಿಯ ಮೇಲಿನ ಒಂದು ಕಿಂಡಿ. ಇನ್ನು ಪೂರ್ವಕ್ಕೆ ಘಟ್ಟದ ಗೋಡೆಯಿದೆ. ಸುಬ್ರಹ್ಮಣ್ಯದಲ್ಲಿ ನಿಂತವನಿಗೆ 1712 ಮೀಟರ್ ಎತ್ತರದ ಕುಮಾರಪರ್ವತವೂ ಅದರ ಸಾಲೂ ಮೂಡಣ ದಿಗಂತವನ್ನು ಮೇಲಕ್ಕೆ ಎತ್ತಿಬಿಟ್ಟಿವೆ. ಸೂರ್ಯೋದಯವೇ ಅಲ್ಲಿ ತಡ. 1882ರ ಅಥವಾ 1965ರ ಧೂಮಕೇತುವಿನ ತಲೆಯು ಆ ಶಿಖರಗಳನ್ನು ದಾಟಿ ಮೇಲೇರುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಉದ್ದನೆಯ ಬಾಲ ಮಾತ್ರ ಬೆಟ್ಟದ ಹಿಂದಿನಿಂದ ಎದ್ದುದನ್ನು ಅವರು ಕಂಡಿರಬಹುದು. ತಲೆ ಕಾಣದೆ ಬಾಲ ಮಾತ್ರ ಕಂಡರೆ ಅದನ್ನು ಯಾರು ನಕ್ಷತ್ರವೆಂದಾರು? ಕಾಡುಬೆಂಕಿಯ ಹೊಗೆಯೆಂದೋ ಮೋಡದ ಗೆರೆಯೆಂದೋ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಪುತ್ತೂರಿನ ಕಡೆಗೆ ಬಂದಂತೆ ಗುಡ್ಡಗಳು ತಗ್ಗಿ ಘಟ್ಟವು ದೂರವಾಗುತ್ತದೆ. ಬೆಟ್ಟುಗದ್ದೆಯಲ್ಲಿ ಅಥವಾ ಬೋಳುಗುಡ್ಡದ ಮೇಲೆ ನಿಂತರೆ ಎರಡೂ ದಿಕ್ಕು ತೆರೆಯುತ್ತದೆ. ಒಂದೇ ಧೂಮಕೇತುವಿನ ಬಗ್ಗೆ ಹತ್ತಿಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಎರಡು ಬಗೆಯ ಮಾತು, ಅಥವಾ ಒಂದೂರಲ್ಲಿ ಮಾತು ಇನ್ನೊಂದರಲ್ಲಿ ಮೌನ ಇರುವುದು ಇದರಿಂದ ಸಾಧ್ಯ. ಮೌನವನ್ನು ಮರೆವು ಎಂದು ಅರ್ಥೈಸುವ ಮುನ್ನ ಸಂಶೋಧಕನು ಆ ಮನೆಯ ಅಂಗಳದಲ್ಲಿ ನಿಂತು ದಿಗಂತವನ್ನು ನೋಡಬೇಕು.

ಅನುಕೂಲದ ಸಂಗತಿಯೂ ಒಂದುಂಟು. ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದ ಈ ನಾಡಿನಲ್ಲಿ ಸೂರ್ಯನು ನೆಟ್ಟಗೆ ಮೂಡಿ ನೆಟ್ಟಗೆ ಮುಳುಗುತ್ತಾನೆ, ಮುಸ್ಸಂಜೆ ಬೇಗ ಕತ್ತಲಾಗುತ್ತದೆ. ಕ್ರಾಯ್ಟ್ಸ್ ಬಳಗದವು ದಕ್ಷಿಣದ ಆಕಾಶದಿಂದ ಬರುವಂಥವು. ಯೂರೋಪಿನವರಿಗಿಂತ ನಮಗೆ ಅವು ಚೆನ್ನಾಗಿ ಕಾಣುತ್ತವೆ. ಆದರೆ ಮೇ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸೂರ್ಯನ ಬಳಿ ಬರುವ ಈ ಬಳಗದವು ಸೂರ್ಯನ ಆಚೆಬದಿಯಿಂದ ಬಂದು ಅದೇ ಕಡೆ ಮರಳುವುದರಿಂದ ಭೂಮಿಗೆ ಬಹುಮಟ್ಟಿಗೆ ಕಾಣಿಸವು. ಕಾರ್ತೆಲು, ಆಟಿಗಳಲ್ಲಿ ನಮ್ಮಲ್ಲಿ ಮೋಡದ ಮುಸುಕು ಹೇಗೂ ಇದ್ದೇ ಇದೆ. ಆಟಿ ಕಳೆಂಜನು ಮನೆ ಮನೆಗೆ ಬರುವ ತಿಂಗಳಲ್ಲಿ ಬಾಲನಕ್ಷತ್ರ ಕಂಡಿತೆಂದು ಯಾರಾದರೂ ಹೇಳಿದರೆ ಅದನ್ನು ಎರಡು ಬಾರಿ ಕೇಳಿ ನೋಡುವುದು ಒಳಿತು.

ಕೇತುವಿನ ಶಾಸ್ತ್ರ, ಆಟದ ಉತ್ಪಾತ

ಶಿಷ್ಟ ಪರಂಪರೆಯಲ್ಲಿ ಧೂಮಕೇತುವಿಗೆ ದೊಡ್ಡ ಸ್ಥಾನವಿದೆ. 'ಕೇತು' ಎಂದರೆ ಮೂಲತಃ ಬೆಳಕು, ಬಾವುಟ. ಹೊಗೆಯೇ ಬಾವುಟವಾಗಿರುವವನು ಧೂಮಕೇತು, ಅಂದರೆ ಅಗ್ನಿ. ಋಗ್ವೇದದಲ್ಲಿ ಅದು ಅಗ್ನಿಯ ವಿಶೇಷಣ. ಅಥರ್ವವೇದದ ಶಾಂತಿಮಂತ್ರವೊಂದರಲ್ಲಿ ಮೃತ್ಯುವಿನ ಜತೆಗೆ ಧೂಮಕೇತುವಿನ ಹೆಸರು ಬರುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯ ಕೇತುಚಾರಾಧ್ಯಾಯವು ಕೇತುಗಳ ಸಂಖ್ಯೆಯ ಬಗ್ಗೆ ಪೂರ್ವಾಚಾರ್ಯರ ಮತಭೇದಗಳನ್ನು ಕೊಡುತ್ತದೆ: ಕೆಲವರಿಗೆ 101, ಕೆಲವರಿಗೆ 1000, ನಾರದನಿಗೆ ಒಂದೇ ಕೇತು ಹಲವು ರೂಪಗಳಲ್ಲಿ. ಕೇತುವಿನ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲಾಗದು ಎಂಬ ಮಾತನ್ನೂ ಆತ ಸ್ಪಷ್ಟವಾಗಿ ಹೇಳುತ್ತಾನೆ. ಕನ್ನಡದಲ್ಲಿ ಸುಮಾರು 1300ರ ರಟ್ಟಕವಿಯ 'ರಟ್ಟಮತ'ವು ಮಳೆ, ಮಿಂಚು, ಭೂಕಂಪ, ಗ್ರಹ, ಶಕುನಗಳನ್ನು ವಿಷಯವಾಗುಳ್ಳ ಗ್ರಂಥ.

ಗಣಿತಕ್ಕೆ ಸಿಗದು ಎಂಬ ಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಗ್ರಹಣವನ್ನು ಪಂಚಾಂಗವು ಮೊದಲೇ ಹೇಳುತ್ತದೆ. ಊಟ ಬಿಡುವುದು, ಸ್ನಾನ, ದಾನ, ದೇವಸ್ಥಾನದ ಬಾಗಿಲು ಹಾಕುವುದು, ಎಲ್ಲವೂ ಹೊತ್ತುಹೊತ್ತಿಗೆ ನಿಗದಿ. ಅದು ಮರಳಿ ಮರಳಿ ಬರುವುದರಿಂದ ಆಚರಣೆಯೂ ಮರಳಿ ಮರಳಿ ನಡೆದು ನೆನಪು ಉಳಿಯುತ್ತದೆ. ಧೂಮಕೇತುವಿಗೆ ಪಂಚಾಂಗದಲ್ಲಿ ಸಾಲಿಲ್ಲ. ಅದಕ್ಕೆಂದೇ ಮೀಸಲಾದ ಕಟ್ಟುಕಟ್ಟಳೆಯಿಲ್ಲ. ನವಗ್ರಹಗಳ ಕೇತುವಿಗೆ ಶಾಂತಿ ಹೋಮಗಳುಂಟು, ಆದರೆ ಆ ಕೇತು ಚಂದ್ರಪಥದ ಛೇದನಬಿಂದು, ಬಾಲನಕ್ಷತ್ರವಲ್ಲ. ಹೆಸರೊಂದೇ ಆಗಿರುವುದರಿಂದ ಎರಡೂ ಕಲಸಿಹೋಗಿವೆ. ಸರ್ಪಾರಾಧನೆಯ ಮಹಾಕ್ಷೇತ್ರವಾದ ಕುಕ್ಕೆಯು ಇದೇ ಪರಿಸರದಲ್ಲಿರುವುದರಿಂದ ರಾಹುಕೇತುಗಳ ಸರ್ಪರೂಪವು ಇಲ್ಲಿಯ ಜನರಿಗೆ ಹೆಚ್ಚು ಪರಿಚಿತ. ಹಾಗಾಗಿ 'ಕೇತುವಿನ ಉಪದ್ರ' ಎಂಬ ಮಾತು ಕೇಳಿಬಂದಾಗಲೆಲ್ಲ ಆಕಾಶದಲ್ಲಿ ಧೂಮಕೇತುವನ್ನು ಹುಡುಕಹೊರಟರೆ ದಾರಿ ತಪ್ಪುತ್ತದೆ.

ಇನ್ನರ್ಧ ಉತ್ತರವು ಜನಪದರ ಆಕಾಶದೃಷ್ಟಿಯಲ್ಲಿದೆ. ಶಾಸನಗಳು 'ಆಚಂದ್ರಾರ್ಕ' ಎಂದು ಮುಗಿಯುತ್ತವೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರ ಕೆತ್ತನೆ. ಆಣೆ ಭಾಷೆಗಳಿಗೂ ಅವರೇ ಸಾಕ್ಷಿ. ಬೆಳಗಿನ ಬೊಳ್ಳಿಯು ಹೊತ್ತು ತಿಳಿಸುವ ಗಡಿಯಾರ. ಮಳೆನಕ್ಷತ್ರಗಳು ಬಿತ್ತನೆಯ ಲೆಕ್ಕಕ್ಕೆ. ಹೀಗೆ ಜನಪದರು ಆಕಾಶದಿಂದ ಆಯ್ದುಕೊಂಡುದು ನಂಬಬಹುದಾದುದನ್ನು, ಮರಳಿ ಬರುವುದನ್ನು. ತಲೆಮಾರಿಗೊಮ್ಮೆ ಬಂದು ಹದಿನೈದು ದಿನಕ್ಕೆ ಅಳಿಸಿಹೋಗುವುದರ ಮೇಲೆ ಯಾರೂ ಆಣೆ ಹಾಕಲಾರರು. ಪಾಡ್ದನದಲ್ಲಿ ಅದಕ್ಕೆ ಜಾಗವಿಲ್ಲದಿರುವುದು ಹಾಡುಗಾರರ ಅಜ್ಞಾನದಿಂದಲ್ಲ, ಆಯ್ಕೆಯಿಂದ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಹಳ್ಳಿಗರ ಮಾತಿನಲ್ಲಿ ಧೂಮಕೇತು ಎಲ್ಲಿಂದ ಬಂತು? ಆಕಾಶಕ್ಕಿಂತ ಹೆಚ್ಚಾಗಿ ರಂಗಸ್ಥಳದಿಂದ ಬಂದಿರಬೇಕು. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮೊದಲು ವ್ಯಾಸನು ಧೃತರಾಷ್ಟ್ರನಿಗೆ ವಿವರಿಸುವ ಉತ್ಪಾತಗಳಲ್ಲಿ ಪುಷ್ಯನಕ್ಷತ್ರವನ್ನು ಆಕ್ರಮಿಸಿದ ಧೂಮಕೇತುವೂ ಒಂದು. ಭಾರತ ರಾಮಾಯಣಗಳ ಪ್ರಸಂಗಗಳನ್ನು ಆಡುವ ತೆಂಕುತಿಟ್ಟಿನ ನಾಡಿದು. ಅಪಶಕುನಗಳನ್ನು ಒಂದೊಂದಾಗಿ ಎತ್ತಿ ಬಣ್ಣಿಸುವುದು ಅರ್ಥಧಾರಿಗೆ ಪ್ರಿಯವಾದ ಸಂದರ್ಭ. ಅದರಲ್ಲೂ ಮಳೆಗಾಲದಲ್ಲಿ, ಆಕಾಶವು ಮುಚ್ಚಿಕೊಂಡಿರುವಾಗ, ಚಾವಡಿಯ ತಾಳಮದ್ದಳೆಯಲ್ಲಿ ಧೂಮಕೇತುವು ಮಾತಿನಲ್ಲಿ ಮೂಡುತ್ತದೆ! ಅರಸನ ಕೇಡು, ಕುಲದ ನಾಶ ಎಂಬ ಅರ್ಥಗಳೊಂದಿಗೆ ಅದು ಶ್ರೋತೃಗಳ ಮನಸ್ಸನ್ನು ಸೇರುತ್ತದೆ. ಕೆಟ್ಟ ಗಳಿಗೆಯಲ್ಲಿ ವಕ್ಕರಿಸಿದವನನ್ನು 'ಧೂಮಕೇತು' ಎಂದು ಬಯ್ಯುವುದು ಈ ದಾರಿಯಲ್ಲಿ ಬಂದ ಬಳಕೆಯಾಗಿರಬೇಕು. ರಾಜಕುಮಾರ್ ಅಭಿನಯದ 'ಧೂಮಕೇತು' ಚಲನಚಿತ್ರವು 1968ರಲ್ಲಿ ತೆರೆಕಂಡಿತು. ಇಕೆಯಾ-ಸೆಕಿ ಬಂದುಹೋದ ಮೂರೇ ವರ್ಷಕ್ಕೆ. ಎರಡಕ್ಕೂ ಗಂಟು ಹಾಕುವ ಉತ್ಸಾಹ ಯಾರಿಗಾದರೂ ಬಂದರೆ ದಯವಿಟ್ಟು ತಡೆದುಕೊಳ್ಳಬೇಕು.

ಅಮರಸುಳ್ಯದ ಆಕಾಶ

ಗಂಟು ಹಾಕುವ ಉತ್ಸಾಹವು ಅತ್ಯಂತ ಅಪಾಯಕಾರಿಯಾಗಬಹುದಾದ ಎಡೆಯೆಂದರೆ 1837ರ ಅಮರಸುಳ್ಯದ ದಂಗೆ. 1834ರಲ್ಲಿ ಕಂಪೆನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. 1835ರ ಅಕ್ಟೋಬರಿನಲ್ಲಿ ಹ್ಯಾಲಿ ಧೂಮಕೇತುವು ಭೂಮಿಗೆ ಹತ್ತಿರ ಬಂದಿತು. ನವೆಂಬರ್ 16ರಂದು ಅದರ ಪುರರವಿ. 1837ರ ಮಾರ್ಚ್ ಕೊನೆಗೆ ದಂಗೆಯೆದ್ದಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ, ಕಲ್ಯಾಣಸ್ವಾಮಿಯೆಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಹೊರಟ ರೈತರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ 5ರಂದು ಮಂಗಳೂರನ್ನು ಸೇರಿ, ಹದಿಮೂರು ದಿನ ಅಲ್ಲಿ ಅಧಿಕಾರ ನಡೆಸಿದರು. ಜನರ ಬಾಯಲ್ಲಿ ಇದು 'ಕಲ್ಯಾಣಪ್ಪನ ಕಾಟಕಾಯಿ'.

ಅರಸನ ಪದಚ್ಯುತಿ, ಆಕಾಶದಲ್ಲಿ ಧೂಮಕೇತು, ಬಳಿಕ ದಂಗೆ. ಈ ಮೂರನ್ನು ಒಂದೇ ಸಾಲಿನಲ್ಲಿ ಬರೆದಾಗ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಆದರೆ ವಿವರಗಳನ್ನು ಬಿಡಿಸಿ ನೋಡಬೇಕು. ಅರಸನು ಇಳಿದುದು ಧೂಮಕೇತುವಿಗೆ ಮೊದಲು. ದಂಗೆಯೆದ್ದುದು ಅದು ಕಂಡ ಒಂದೂವರೆ ವರ್ಷದ ಬಳಿಕ. 1835ರ ದರ್ಶನವು ಬೋಂತೆಲ್‌ನ ಹಿಂಗಾರು ಮೋಡಗಳ ಕಾಲದ್ದು, ಉತ್ತರದ ಆಕಾಶದಲ್ಲಿ. ಹ್ಯಾಲಿಯು ಆ ಬಾರಿ ಬೆರಗುಗೊಳಿಸುವಂಥ ಬಾಲವನ್ನೇನೂ ತೋರಿರಲಿಲ್ಲ. ಆರು ವರ್ಷಗಳ ಬಳಿಕದ 1843ರ ಮಹಾಧೂಮಕೇತುವೇ ಜನರಿಗೆ ಹೆಚ್ಚು ಢಾಳಾಗಿ ಕಂಡಿರಬೇಕು. ದಂಗೆಯನ್ನು ಕಂಡ ಪೀಳಿಗೆಯೇ ಅದನ್ನೂ ಕಂಡಿತು. ಎರಡು ನೆನಪುಗಳು ಒಂದೇ ಬಾಯಲ್ಲಿ, ಒಂದೇ ಅಜ್ಜನ ಕಥೆಯಲ್ಲಿ ಒಂದಕ್ಕೊಂದು ಹೆಣೆದುಕೊಳ್ಳಲು ಆರು ವರ್ಷದ ಅಂತರ ದೊಡ್ಡದಲ್ಲ. ಆದುದರಿಂದ ಕಾಟಕಾಯಿಯ ಐತಿಹ್ಯದೊಂದಿಗೆ ಬಾಲನಕ್ಷತ್ರದ ಮಾತು ಎಲ್ಲಿಯಾದರೂ ದೊರೆತರೆ ಅದು 1835ರದೆಂದು ತಟ್ಟನೆ ತೀರ್ಮಾನಿಸುವಂತಿಲ್ಲ.

ಇದು ಬರಿಯ ತಾರೀಖಿನ ಚರ್ಚೆಯಲ್ಲ. ಕೊಡಗಿನ ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪೆನಿಯು ನಗದಿನಲ್ಲಿ ಕೇಳಿತು. ಬೆಳೆದ ಭತ್ತವನ್ನು ಮಾರಿ ಹಣ ಹುಟ್ಟಿಸಬೇಕಾದ ಇಕ್ಕಟ್ಟು, ಉಪ್ಪು ಹೊಗೆಸೊಪ್ಪುಗಳ ಮೇಲಿನ ಸರಕಾರಿ ಹಿಡಿತ, ಹಳೆಯ ಅರಸೊತ್ತಿಗೆಯ ಮೇಲಿನ ನಿಷ್ಠೆ, ಇವು ದಂಗೆಯ ಕಾರಣಗಳು. ಸುಳ್ಯದ ಗೌಡರು ಎದ್ದುದು ಲೆಕ್ಕ ನೋಡಿ, ನಕ್ಷತ್ರ ನೋಡಿ ಅಲ್ಲ. ಶಕುನವನ್ನು ಮುಂದೆ ತಂದ ಮಾತ್ರಕ್ಕೆ ರೈತರ ವಿವೇಕವು ಮೂಢನಂಬಿಕೆಯಾಗಿ ಕುಗ್ಗಿಬಿಡುತ್ತದೆ. 'ಕಾಟಕಾಯಿ' ಎಂಬ ಹೆಸರೇ ಅದನ್ನು ಪುಂಡಾಟಿಕೆಯ ಮಟ್ಟಕ್ಕೆ ಇಳಿಸುತ್ತದೆಂಬ ಆಕ್ಷೇಪ ಮೊದಲೇ ಇದೆ. ಜಾನಪದ ಅಧ್ಯಯನದ ಹೆಸರಿನಲ್ಲಿ ಇನ್ನೊಂದು ಇಳಿತವನ್ನು ನಾವು ಸೇರಿಸಬಾರದು. ಇದೇ ದಂಗೆಯನ್ನು 'ಕಲ್ಯಾಣಸ್ವಾಮಿ' ಕಾದಂಬರಿಯಾಗಿಸಿದ ನಿರಂಜನರು ಸುಬ್ರಹ್ಮಣ್ಯದ ಸಮೀಪದ ಕುಳಕುಂದದವರು. ವಿಜ್ಞಾನವನ್ನು ಕನ್ನಡ ಕಿರಿಯರಿಗೆ ತಲುಪಿಸಿದ 'ಜ್ಞಾನಗಂಗೋತ್ರಿ' ಸಂಪುಟಗಳ ಪ್ರಧಾನ ಸಂಪಾದಕರೂ ಅವರೇ. ಅದಕ್ಕೂ ಮೊದಲು, 1936ರಲ್ಲಿ, ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದಿದ್ದರು. ಹೀಗಾಗಿ 1965ರ ವೇಳೆಗೆ ಈ ಪರಿಸರದ ಓದುಬಲ್ಲ ಮನೆಗಳಲ್ಲಿ ಆಕಾಶಕ್ಕೆ ಇನ್ನೊಂದು ವಿವರಣೆಯೂ ಲಭ್ಯವಿತ್ತು. ಆ ವರ್ಷದ ಸಾಕ್ಷ್ಯಗಳನ್ನು ಸಂಗ್ರಹಿಸುವಾಗ ವಕ್ತೃವು ಕಂಡುದೆಷ್ಟು, ಓದಿದುದೆಷ್ಟು ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ.

ಕೇಳುವ ಕ್ರಮ

ನೆನಪು ಹೇಗೆ ಕಲಸುತ್ತದೆಂಬುದಕ್ಕೆ ಲೋಕಪ್ರಸಿದ್ಧ ನಿದರ್ಶನ 1910ರದು. ಆ ವರ್ಷ ಎಲ್ಲರೂ ಹ್ಯಾಲಿಗೆ ಕಾದಿದ್ದರು. ಅದಕ್ಕೆ ಮುನ್ನವೇ, ಜನವರಿ 12ರಂದು, ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಗಣಿ ಕೆಲಸಗಾರರ ಕಣ್ಣಿಗೆ ಹೊಸದೊಂದು ಧೂಮಕೇತು ಬಿತ್ತು. ಜನವರಿ 17ರಂದು ಅದು ಸೂರ್ಯನಿಂದ ಸುಮಾರು 1.9 ಕೋಟಿ ಕಿ.ಮೀ. ದೂರದಲ್ಲಿ ಹಾದು, ತಿಂಗಳ ಕೊನೆಗೆ ಸಂಜೆಯ ಪಶ್ಚಿಮದಲ್ಲಿ ಹ್ಯಾಲಿಗಿಂತಲೂ ಉಜ್ವಲವಾಗಿ ಬೆಳಗಿತು. ಮೇಯಲ್ಲಿ ಬಂದ ಹ್ಯಾಲಿಯು 20ರ ತನಕ ನಸುಕಿನ ಪೂರ್ವದಲ್ಲಿ, ಆಮೇಲೆ ಸಂಜೆಯ ಪಶ್ಚಿಮದಲ್ಲಿ ಕಾಣಿಸಿತು. 1986ರಲ್ಲಿ ಹ್ಯಾಲಿ ಮರಳಿದಾಗ, 'ನಾನು ಬಾಲ್ಯದಲ್ಲಿ ಕಂಡಿದ್ದೆ' ಎಂದ ಹಲವು ದೇಶಗಳ ವೃದ್ಧರಲ್ಲಿ ಎಷ್ಟೋ ಮಂದಿ ನಿಜಕ್ಕೂ ಕಂಡಿದ್ದುದು ಜನವರಿಯ ಆಗಂತುಕನನ್ನು. ಹೆಸರುವಾಸಿಯಾದುದು ಹೆಸರಿಲ್ಲದುದನ್ನು ನುಂಗಿತು. ನಮ್ಮ ಪ್ರದೇಶದ ಮಟ್ಟಿಗೆ ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ: ಪುಯಿಂತೆಲ್ ತಿಂಗಳು, ಕೆಡ್ಡಸಕ್ಕೆ ಮೊದಲಿನ ಮುಸ್ಸಂಜೆ ಎಂದರೆ ಜನವರಿಯದು, ಬೇಶದಲ್ಲಿ, ಪತ್ತನಾಜೆಗೆ ಮೊದಲಿನ ಕೊನೆಯ ಆಟ ಮುಗಿಸಿ ತೂಟೆ ಹಿಡಿದು ಮನೆಗೆ ಹೊರಟಾಗ ಮೂಡಣದಲ್ಲಿ ಎಂದರೆ ಹ್ಯಾಲಿ.

ಸಂವತ್ಸರದ ಹೆಸರನ್ನೇ ನಂಬುವುದರಲ್ಲೂ ತೊಡಕಿದೆ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ. ಚಿತ್ರಭಾನು 1882ಕ್ಕೂ ಹೌದು, 1942ಕ್ಕೂ ಹೌದು. ವಿಶ್ವಾವಸು 1905, 1965, 2025. ಅಜ್ಜನಿಂದ ಕೇಳಿದ್ದನ್ನು ಮೊಮ್ಮಗ ತನ್ನ ಕಾಲಕ್ಕೆ ಹೊಂದಿಸಿಕೊಂಡರೆ ಅರವತ್ತು ವರ್ಷ ಜಾರಿಹೋಗುತ್ತದೆ.

ಹಿರಿಯರೊಬ್ಬರು 'ಸಣ್ಣದಿರುವಾಗ ಬಾಲನಕ್ಷತ್ರ ನೋಡಿದ್ದೇನೆ' ಎಂದರೆಂದು ಇಟ್ಟುಕೊಳ್ಳೋಣ. ಇಸವಿಯನ್ನು ಕೇಳುವುದು ವ್ಯರ್ಥ. ಬೆಳಗ್ಗೆಯೋ ಸಂಜೆಯೋ, ಸೂರ್ಯ ಹುಟ್ಟುವ ಕಡೆಯೋ ಮುಳುಗುವ ಕಡೆಯೋ ಎಂದು ಮೊದಲು ಕೇಳಬೇಕು. ಇದನ್ನು ದೇಹವು ಮರೆಯುವುದಿಲ್ಲ. ಸಂಜೆ, ವಾಯವ್ಯ, ಸುಗ್ಗಿ ಎಂದರೆ 1997ರ ಹೇಲ್-ಬಾಪ್. ನಸುಕು, ಮೂಡಣ, ಮಾಯಿ ಸುಗ್ಗಿಯ ಕಾಲ ಎಂದರೆ 1970ರ ಬೆನೆಟ್ ಅಥವಾ 1976ರ ವೆಸ್ಟ್ ಆಗಿರಬಹುದು. 1986ರ ಹ್ಯಾಲಿಯೂ ಮಾರ್ಚಿನಲ್ಲಿ ನಸುಕಿನದೇ, ಆದರೆ ತೆಂಕಣ ದಿಕ್ಕಿನದು, ಮಸುಕಾದುದು. ನಸುಕು, ಆಗ್ನೇಯ, ದೀಪಾವಳಿ ಕಳೆದ ವಾರ, ಬಾಲವು ಹಿಡಿಸೂಡಿಯನ್ನು ಎತ್ತಿ ಹಿಡಿದಂತೆ ಉದ್ದ ಎಂದರೆ ಅದು ಇಕೆಯಾ-ಸೆಕಿಯೇ. ಸಮೀಪದ ಸಾರ್ವಜನಿಕ ಘಟನೆಗಳನ್ನು, ಆ ಸೆಪ್ಟೆಂಬರಿನ ಪಾಕಿಸ್ತಾನದೊಡನೆಯ ಯುದ್ಧ, 1966ರ ಜನವರಿ 11ರ ಲಾಲ್ ಬಹಾದುರ್ ಶಾಸ್ತ್ರಿಯವರ ನಿಧನಗಳನ್ನು, ನಾವಾಗಿ ಎತ್ತಬಾರದು. ಎತ್ತಿದರೆ ಶಕುನದ ಕಥೆಯೊಂದನ್ನು ನಾವೇ ಬಿತ್ತಿ ನಾವೇ ಕೊಯ್ದಂತಾಗುತ್ತದೆ. ಅವರಾಗಿ ಹೇಳಿದರೆ, ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಧೂಮಕೇತುವಿಗೆ ಅರ್ಥವನ್ನು ಆಗಲೇ ಕೊಟ್ಟರೋ ಸುದ್ದಿ ತಿಳಿದ ಬಳಿಕ ಕೊಟ್ಟರೋ ಎಂಬುದು ಆ ಮಾತಿನ ಹೆಣಿಗೆಯಲ್ಲಿ ಗೊತ್ತಾಗುತ್ತದೆ.

1965ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಇಕೆಯಾ-ಸೆಕಿಯನ್ನು ಬರಿಗಣ್ಣಿನಿಂದ ಕಂಡ ಕೊನೆಯ ತಲೆಮಾರು ಇದು. ಘಟ್ಟದ ಬುಡದ ಹರಿಹರ, ಕೊಲ್ಲಮೊಗ್ರು, ಸುಬ್ರಹ್ಮಣ್ಯದ ಕಡೆಯವರಿಗೆ ಬೆಟ್ಟದ ಹಿಂದಿನಿಂದ ಬಾಲ ಮಾತ್ರ ಕಂಡಿತೋ, ಪುತ್ತೂರಿನ ಗುಡ್ಡಗಳ ಮೇಲಿನವರಿಗೆ ತಲೆಯೂ ಕಂಡಿತೋ ಎಂಬ ಒಂದೇ ಪ್ರಶ್ನೆಯನ್ನು ಮೂರು ತಾಲೂಕುಗಳಲ್ಲಿ ಊರೂರಿಗೆ ಕೇಳಿ, ಉತ್ತರದೊಂದಿಗೆ ಅವರ ಆಗಿನ ಮನೆಯ ಜಾಗ ಬೈಲಿನದೋ ಮಜಲಿನದೋ ಬೆಟ್ಟಿನದೋ ಎಂಬುದನ್ನೂ ಗುರುತಿಸಿಕೊಳ್ಳುವ ಕೆಲಸ ಇನ್ನು ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಸಾಧ್ಯ.